ರೊಟ್ಟಿಗೊಂದು ಗಟ್ಟಿ ಸೈಕಲ್ಲು

ಸೈಕಲ್ಲು ಕೊಳ್ಳುವುದರಲ್ಲಿ ಮಹಾ ಏನಿದೆ? ಎರಡು ಗಾಲಿ, ಒಂದು ಸೀಟು, ಒಂದು ಗಂಟೆ. ಹಾವೇರಿಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಗಣಿತ ಕಲಿಸುತ್ತ 'ಲೆಕ್ಕದ ಮಾಸ್ತರ' ಎಂದೇ ಹೆಸರಾದ ನನ್ನಂಥವನಿಗೆ ಅದೊಂದು ಕೆಲಸವೇ ಅಲ್ಲ. ಹಾಗೆಂದು ನಾನು ತಿಳಿದಿದ್ದೆ. ನನ್ನ ಹೆಂಡತಿ ಗಿರಿಜಾ ಹಾಗೆ ತಿಳಿದಿರಲಿಲ್ಲ. ಯಾರದು ಸರಿ ಎಂಬುದು ಬ್ಯಾಡಗಿಯಲ್ಲಿ, ನೂರಾರು ಜನರ ಸಮಕ್ಷಮದಲ್ಲಿ ಇತ್ಯರ್ಥವಾಯಿತು!

ಹೆದ್ದಾರಿಯನ್ನು ಅಗೆದು ನಾಲ್ಕು ಸಾಲಿನ ರಸ್ತೆ ಮಾಡುತ್ತಿದ್ದ ಕಾಲ ಅದು. ಊರಿನಲ್ಲಿ ಅಲ್ಲೊಬ್ಬರ ಇಲ್ಲೊಬ್ಬರ ಕಿಸೆಯಲ್ಲಿ ಮೊಬೈಲು ಕೂಗುತ್ತಿತ್ತು. ನಮ್ಮ ಮನೆಯಲ್ಲಿ ಕೂಗುತ್ತಿದ್ದದ್ದು ಕುಕ್ಕರು ಮಾತ್ರ. ಗಿರಿಜಾಳ ಖಡಕ್ ರೊಟ್ಟಿಗೆ ಓಣಿಯಲ್ಲೆಲ್ಲ ಹೆಸರಿತ್ತು. ಹಪ್ಪಳದಷ್ಟು ತೆಳು, ಕೈವಾರದಿಂದ ಎಳೆದಷ್ಟು ದುಂಡು. ಉತ್ಪ್ರೇಕ್ಷೆ ಅಲ್ಲ, ನಾನೇ ಒಮ್ಮೆ ಅಳತೆಪಟ್ಟಿ ಹಿಡಿದು ನೋಡಿದ್ದೇನೆ. ಆ ರೊಟ್ಟಿಯ ಸುದ್ದಿ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುವ ಶಿವಪ್ಪನ ಕಿವಿಗೂ ಬಿತ್ತು. ಒಂದು ದಿನ ಮನೆಗೇ ಬಂದುಬಿಟ್ಟ.

"ಅಕ್ಕಾರ, ದಿನಾ ನೂರು ರೊಟ್ಟಿ ಕೊಡ್ರಿ. ಮಳಿ ಇರಲಿ, ಬಿಸಲಿರಲಿ, ಮುಂಜಾನೆ ಹತ್ತರೊಳಗ ನನ್ನ ಬುಟ್ಟಿ ತುಂಬಿರಬೇಕು. ಅಷ್ಟು ಆಗತೈತಿ ಅಂದ್ರ ಹೇಳ್ರಿ. ನಾಕ ದಿನಾ ಕೊಟ್ಟು ಐದನೇ ದಿನಾ ಇಲ್ಲ ಅಂದ್ರ ನನ್ನ ಗಿರಾಕಿ ನನ್ನ ಬಡೀತಾರ."

ಗಿರಿಜಾ ಉಟ್ಟ ಸೀರೆಯ ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಂಡು, "ಆಗತೈತ್ರಿ" ಎಂದಳು. ಮದುವೆಯಾಗಿ ಬಂದಾಗಿನಿಂದ ಅವಳನ್ನು ಹುಡುಕಿಕೊಂಡು ಕೆಲಸವೊಂದು ಮನೆ ಬಾಗಿಲಿಗೆ ಬಂದದ್ದು ಅದೇ ಮೊದಲು. ಅವಳ ಮುಖ ನೋಡಿದ ನನಗೂ ಖುಷಿಯಾಯಿತು. ಆದರೆ ಮರುಕ್ಷಣವೇ ಒಂದು ಪ್ರಶ್ನೆ ಎದ್ದು ನಿಂತಿತು. ರೊಟ್ಟಿ ಬಡಿಯುವುದು ಅವಳು. ಸರಿ. ಒಯ್ಯುವುದು ಯಾರು?

ನಾನು!

ಮೊದಮೊದಲು ದೊಡ್ಡ ಕೈಚೀಲದಲ್ಲಿಟ್ಟು ನಡೆದೇ ಒಯ್ದೆ. ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಗುತ್ತಿತ್ತು. 'ಲೆಕ್ಕದ ಮಾಸ್ತರ ರೊಟ್ಟಿ ಮಾರಾಕ ಹೊಂಟಾರ' ಎಂದು ಮಕ್ಕಳು ನಕ್ಕರೆ? ಅದಕ್ಕೆ ಚೀಲದ ಬಾಯಿಗೆ ಉತ್ತರ ಪತ್ರಿಕೆಗಳ ಕಟ್ಟೊಂದನ್ನು ಇಟ್ಟು, ಮುಖ್ಯ ರಸ್ತೆ ಬಿಟ್ಟು ಸಂದಿಗೊಂದಿಗಳಲ್ಲಿ ಹೋಗುತ್ತಿದ್ದೆ. ಒಮ್ಮೆ ಪಾಲಕರೊಬ್ಬರು ಎದುರಾದರು.

"ಪೇಪರ ತಿದ್ದಾಕ ಒಯ್ಯಾಕತ್ತೀರೇನ್ರಿ ಸರ? ಅಬ್ಬಾ, ಎಷ್ಟ ಕಷ್ಟ ಪಡ್ತೀರಿ!" ಎಂದು ಅಭಿಮಾನದಿಂದ ಚೀಲವನ್ನು ತಟ್ಟಿದರು. ಕರ್ ಕರ್ ಎಂದಿತು. ಅವರು ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡರು. "ಹೊಸಾ ಕಾಗದ, ಅದಕ್ಕ" ಎಂದು ಹೇಳಿ ನಾನು ಅಲ್ಲಿಂದ ಕಾಲು ಕಿತ್ತೆ.

ಆ ದಿನವೇ ತೀರ್ಮಾನಿಸಿದೆ. ಸೈಕಲ್ಲು ಬೇಕು. ಅದೂ ಸಾಮಾನ್ಯ ಸೈಕಲ್ಲಲ್ಲ. ಮಳೆ, ಬೇಸಿಗೆ, ಚಳಿ ಮೂರಕ್ಕೂ ಜಗ್ಗದ, ಹನ್ನೆರಡು ತಿಂಗಳೂ ಹೇರು ಹೊರುವ ಗಟ್ಟಿ ಸೈಕಲ್ಲು. ಈ ಮಹತ್ಕಾರ್ಯಕ್ಕಾಗಿ ಮನೆಯಲ್ಲಿ ಒಂದು ಆಯ್ಕೆ ಸಮಿತಿ ರಚನೆಯಾಯಿತು. ಅಧ್ಯಕ್ಷ ನಾನು. ಕಾರ್ಯದರ್ಶಿ ನಾನು. ಸದಸ್ಯರು ಕೂಡ ನಾನೇ.

"ನಾನೂ ಬರ್ತೇನಿ. ಕೂಡೇ ನೋಡೂಣು" ಎಂದಳು ಗಿರಿಜಾ.

"ಸೈಕಲ್ ಅಂದ್ರ ರೊಟ್ಟಿ ಅಲ್ಲ ಗಿರಿಜಾ. ಅದಕ್ಕ ತಾಂತ್ರಿಕ ಜ್ಞಾನ ಬೇಕು. ನೀ ಮನ್ಯಾಗಿರು."

ಅವಳು ಹಂಚಿನ ಮೇಲಿನ ರೊಟ್ಟಿ ಹೊರಳಿಸಿದಳು. ಸ್ವಲ್ಪ ಜೋರಾಗಿಯೇ ಹೊರಳಿಸಿದಳು.

ಸಮಿತಿ ಮೂರು ವಾರ ಅಧ್ಯಯನ ನಡೆಸಿತು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಷರತ್ತುಗಳನ್ನು ಬರೆದೆ. ಮಳೆಗಾಲದಲ್ಲಿ ಕೆಸರು ಸಿಡಿಯದಂತೆ ಗಾಲಿಯನ್ನು ಪೂರ್ತಿ ಮುಚ್ಚುವ ಮಡ್‌ಗಾರ್ಡು ಬೇಕು. ಬೇಸಿಗೆಯಲ್ಲಿ ಕಾದ ಡಾಂಬರಿಗೆ ಕರಗದ ದಪ್ಪ ಟೈರು ಬೇಕು. ಆಷಾಢದ ಗಾಳಿಗೆ ಹಾರಿಹೋಗದಂತೆ ಭಾರ ಇರಬೇಕು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ವಿಜ್ಞಾನದ ಮೇಡಂ ಒಬ್ಬರೇ, "ಅಲ್ರೀ ಸರ, ಏನ್ ಒಯ್ಯೂದೈತಿ ಅದು ಮೊದಲ ಬರೀಬೇಕಲ್ಲ?" ಎಂದರು. "ಅದು ಗೌಣ" ಎಂದು ಪುಟ ತಿರುವಿದೆ.

ಅಂಥ ಸೈಕಲ್ಲು ಹಾವೇರಿಯಲ್ಲಿ ಸಿಗುವುದಿಲ್ಲವೆಂದು ಸಮಿತಿಯ ಅಭಿಪ್ರಾಯ. ನಿಜವಾದ ಕಾರಣ ಬೇರೆ. ಹಾವೇರಿಯ ಅಂಗಡಿಯವರೆಲ್ಲ ನನ್ನನ್ನು ಬಲ್ಲವರು. ಹೀಗಾಗಿ ಒಂದು ಭಾನುವಾರ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದೆ. ಅಲ್ಲಿ ದೊಡ್ಡದೊಂದು ಸೈಕಲ್ ಅಂಗಡಿ. ಹಿರಿಯ ಮಾಲೀಕರು ಕನ್ನಡಕವನ್ನು ಹಣೆಗೇರಿಸಿ, "ಬರ್ರಿ ಸರ, ಕುಂದರ್ರಿ. ಚಾ ತರಸ್ಲೇನು?" ಎಂದರು. ಮುಂದೆ ಬೆಂಚಿನ ಮೇಲೆ ಗಟ್ಟಿಮುಟ್ಟಾದ ಇಬ್ಬರು ಗಿರಾಕಿಗಳು ಕುಳಿತಿದ್ದರು.

"ಹೇರು ಹೊರೂ ಸೈಕಲ್ ಬೇಕಾಗಿತ್ರಿ" ಎಂದೆ.

"ಏನ್ ಹೇರ್ತೀರಿ?"

ರೊಟ್ಟಿ ಎಂಬ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಬೆಂಚಿನ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಶಬ್ದ ಹಿಂದಕ್ಕೆ ಹೋಯಿತು. ಬದಲಿಗೆ, "ಚೀಲ" ಎಂಬುದು ಹೊರಗೆ ಬಂತು.

"ಎಷ್ಟ ತೂಕ ಬರ್ತಾವ?"

"ಒಂದ... ಕ್ವಿಂಟಲ್."

ಮಾಲೀಕರು ನನ್ನನ್ನು ನೆತ್ತಿಯಿಂದ ಅಂಗಾಲಿನವರೆಗೆ ನೋಡಿದರು. ದೇವರು ನನ್ನನ್ನು ಮಾಡುವಾಗ ಸಾಮಗ್ರಿಯಲ್ಲಿ ಬಹಳ ಉಳಿತಾಯ ಮಾಡಿದ್ದಾನೆ. ಐದಡಿ ಎರಡಂಗುಲ ಎತ್ತರ. ತೂಕ ಹೇಳುವಂತಿಲ್ಲ.

"ಹೊಡ್ಯಾಕ ಆಳ ಇಟ್ಟೀರೇನ್ರಿ?"

"ಇಲ್ಲ, ನಾನ!"

"ಭೇಷ್!" ಎಂದರು ಬೆಂಚಿನ ಇಬ್ಬರೂ ಒಮ್ಮೆಲೇ. ಆ ಭೇಷ್ ನನ್ನ ತಲೆಗೇರಿತು.

ಒಳಗಿನಿಂದ ಇಬ್ಬರು ಆಳುಗಳು ಒಂದು ಸೈಕಲ್ಲನ್ನು ನೂಕಿಕೊಂಡು ಬಂದರು. ನೂಕಿಕೊಂಡು ಎಂದೆನೇ? ಇಲ್ಲ, ಎಳೆದುಕೊಂಡು ಬಂದರು. ಕಪ್ಪು ಬಣ್ಣ. ಸೀಟಿನಿಂದ ಹ್ಯಾಂಡಲಿನವರೆಗೆ ಒಂದರ ಕೆಳಗೊಂದು ಎರಡು ಕಬ್ಬಿಣದ ಬಾರು. ಮುಂದಿನ ಗಾಲಿಗೆ ಆಧಾರವಾಗಿ ಎರಡು ಹೆಚ್ಚಿನ ಸಲಾಕೆ. ಕರು ಮಲಗಬಹುದಾದ ಕ್ಯಾರಿಯರ್. ಹೊರಸಿನ ಕಾಲಿನಂಥ ಸ್ಟ್ಯಾಂಡು. ಸೀಟು ನನ್ನ ಎದೆಯ ಮಟ್ಟಕ್ಕಿತ್ತು.

"ಇದು ಸೈಕಲ್ ಅಲ್ರಿ ಸರ, ಆನಿ!" ಎಂದು ಮಾಲೀಕರು ಕ್ಯಾರಿಯರಿನ ಮೇಲೆ ಒಬ್ಬ ಆಳನ್ನು ಹತ್ತಿಸಿ ಕುಣಿಸಿದರು. ಸೈಕಲ್ಲು ಮಿಸುಕಲಿಲ್ಲ. "ನೋಡಿದ್ರ್ಯಾ? ಒಂದ ಕೂದಲೆಳಿಯಷ್ಟು ಬಗ್ಗಂಗಿಲ್ಲ. ಒಮ್ಮೆ ಹತ್ತಿ ನೋಡ್ರಲ್ಲ."

ಇಲ್ಲಿ ಹತ್ತಿ ನೋಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಬೆಂಚಿನ ಮೇಲಿನ ಇಬ್ಬರ ಎದುರು ಹತ್ತಲಾಗದೆ ಹೋದರೆ? "ಬ್ಯಾಡ್ರಿ. ನೋಡಿದ್ರ ತಿಳೀತೈತಿ" ಎಂದು ಗಂಭೀರವಾಗಿ ಹೇಳಿ, ಗಂಟೆಯನ್ನು ಮಾತ್ರ ಎರಡು ಸಲ ಬಾರಿಸಿ ನೋಡಿದೆ. ಸದ್ದು ಚೆನ್ನಾಗಿತ್ತು. ಕೊಂಡುಬಿಟ್ಟೆ!

ಅದನ್ನು ಬಸ್ಸಿನ ಮೇಲಕ್ಕೆ ಏರಿಸಲು ನಾಲ್ಕು ಜನ ಬೇಕಾದರು. ಬೆವರು ಒರೆಸಿಕೊಳ್ಳುತ್ತ ಕಂಡಕ್ಟರ್, "ಸರ, ಇದಕ್ಕ ಲಗೇಜ್ ಟಿಕೆಟ್ ಸಾಲಂಗಿಲ್ಲ. ಪರ್ಮಿಟ್ ತಗೋಬೇಕಾಗತೈತಿ" ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಗಟ್ಟಿ ವಸ್ತು ಕೊಂಡವನ ನಗೆ ಅದು.

ಮನೆಯ ಮುಂದೆ ಸೈಕಲ್ಲು ನಿಲ್ಲಿಸಿದಾಗ ಗಿರಿಜಾ ಹೊರಗೆ ಬಂದು ಅದರ ಸುತ್ತ ಒಂದು ಸುತ್ತು ಬಂದಳು.

"ಯಾರ ಹತ್ತವರು ಇದನ್ನ?"

"ನಾನ."

"ಹೆಂಗ?"

ನೋಟ್‌ಬುಕ್ಕಿನ ಇನ್ನೂರು ಪುಟಗಳಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಆದರೂ ಎದೆಗುಂದದೆ ಸೈಕಲ್ಲನ್ನು ಮನೆಯ ಕಟ್ಟೆಗೆ ಒರಗಿಸಿ, ಕಟ್ಟೆ ಹತ್ತಿ, ಅಲ್ಲಿಂದ ಸೀಟಿಗೆ ದಾಟಿಕೊಂಡೆ. ಪೆಡಲ್ ತುಳಿದೆ. ಅದು ಕೆಳಗೆ ಹೋದಾಗ ನನ್ನ ಕಾಲಿಗೆ ಸಿಗುತ್ತಿರಲಿಲ್ಲ. ಮೇಲೆ ಬಂದಾಗ ತಾನಾಗಿಯೇ ಬಂದು ಭೇಟಿಯಾಗುತ್ತಿತ್ತು. ಹಾಗೆ ಸಿಕ್ಕಾಗೊಮ್ಮೆ ಒದ್ದು ಒದ್ದು ಮುಂದೆ ಹೋದೆ. ಗಾಳಿ ಮುಖಕ್ಕೆ ಬಡಿಯಿತು. ಗೆದ್ದೆ ಎನ್ನಿಸಿತು. ಓಣಿಯ ತುದಿಯವರೆಗೆ ಹೋಗಿ ತಿರುಗಿಸಿಕೊಂಡು ಬಂದ ಮೇಲೆ ಒಂದು ಸತ್ಯ ಹೊಳೆಯಿತು. ಇಳಿಯುವುದು ಹೇಗೆ?

ಕಟ್ಟೆಯ ಬಳಿ ಸರಿಯಾಗಿ ನಿಲ್ಲಿಸಲು ಬ್ರೇಕ್ ಒತ್ತಿದರೆ ಅದು ಎರಡು ಮನೆ ದಾಟಿ ಹಿಡಿಯುತ್ತಿತ್ತು. ಅಷ್ಟರಲ್ಲಿ ವಾಲುವ ಭಯಕ್ಕೆ ಮತ್ತೆ ಪೆಡಲ್ ಒದೆಯುತ್ತಿದ್ದೆ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಪಕ್ಕದ ಮನೆಯ ಪಾರ್ವತಕ್ಕ ಅಕ್ಕಿ ಆರಿಸುವುದನ್ನು ಬಿಟ್ಟು ಎದ್ದು ನಿಂತರು.

"ಗಿರಿಜಾ, ಮಾಸ್ತರ ಯಾವ ದೇವರಿಗೆ ಪ್ರದಕ್ಷಿಣಿ ಹಾಕಾಕತ್ತಾರವಾ?"

"ಇಳಿಸೂ ದೇವರಿಗೆರಿ ಅಕ್ಕಾ!"

ಐದನೆಯ ಸುತ್ತಿಗೆ ಲೈಟಿನ ಕಂಬವೊಂದನ್ನು ಎರಡೂ ಕೈಯಿಂದ ತಬ್ಬಿಕೊಂಡು ಪಾರಾದೆ. ಸೈಕಲ್ಲು ಸ್ವಲ್ಪ ದೂರ ತಾನೇ ಹೋಗಿ ಗೋಡೆಗೆ ಗುದ್ದಿ ನಿಂತಿತು. ಗೋಡೆಯ ಗಿಲಾವು ಉದುರಿತು. ಸೈಕಲ್ಲಿಗೆ ಏನೂ ಆಗಲಿಲ್ಲ. ಗಟ್ಟಿ ಸೈಕಲ್ಲು!

ಅಂದಿನಿಂದ ನನ್ನ ಪಾಲಿಗೆ ಹಾವೇರಿ ಎಂದರೆ ಕಟ್ಟೆ, ಕಂಬ ಮತ್ತು ಮೆಟ್ಟಿಲುಗಳ ಊರು. ಇಳಿಯಲು ಆಸರೆ ಇಲ್ಲದ ಕಡೆ ನಾನು ನಿಲ್ಲುತ್ತಿರಲಿಲ್ಲ. ಹೆಡ್‌ಮಾಸ್ತರರು ದಾರಿಯಲ್ಲಿ ಕೈ ಮಾಡಿದರೂ ನಿಲ್ಲುತ್ತಿರಲಿಲ್ಲ. "ಏನ್ ಗರ್ವ ಬಂದೈತಿ ಇವಗ!" ಎಂದು ಅವರು ಯಾರ ಮುಂದೋ ಅಂದರಂತೆ. ಗರ್ವವಲ್ಲ, ಗತಿ ಇರಲಿಲ್ಲ.

ಇವೆಲ್ಲವನ್ನೂ ಸಹಿಸಬಹುದಿತ್ತು. ಆದರೆ ಮೊದಲ ದಿನವೇ ಖಾನಾವಳಿಯಲ್ಲಿ ಬುಟ್ಟಿ ಬಿಚ್ಚಿದಾಗ ಇಪ್ಪತ್ತು ಇಪ್ಪತ್ತೈದು ರೊಟ್ಟಿ ಒಡೆದಿದ್ದವು. ಶಿವಪ್ಪ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದ.

"ಮಾಸ್ತರ, ಚೀಲದಾಗ ನಡಕೊಂತ ತರೂ ಮುಂದ ಚಲೋ ಬರ್ತಿದ್ವಲ್ರಿ?"

"ಜೋಳ ಬದಲಾಗೈತಿ" ಎಂದೆ ತಟ್ಟನೆ.

ಅದನ್ನೇ ಮನೆಗೆ ಬಂದು ಗಿರಿಜಾಳಿಗೂ ಹೇಳಿದೆ. ಪಾಪ, ಅವಳು ಬೇರೆ ಜೋಳ ಬೀಸಿಸಿದಳು. ಮರುದಿನವೂ ಒಡೆದವು. ನೀರು ಹೆಚ್ಚು ಕಡಿಮೆ ಮಾಡಿ ನೋಡಿದಳು. ಒಡೆದವು. ಒಂದು ವಾರ ಕಳೆದ ಮೇಲೆ ಒಲೆಯ ಮುಂದೆ ಕುಳಿತು ತನ್ನ ಅಂಗೈಗಳನ್ನೇ ತಿರುಗಿಸಿ ನೋಡಿಕೊಂಡು, "ನನ್ನ ಕೈನ ಕೆಟ್ಟೈತೇನ್ರಿ?" ಎಂದು ಕೇಳಿದಳು.

ನಾನು ಏನೆಂದೆ ಗೊತ್ತೇ? "ಇರಬಹುದು."

ಹೊರಗೆ ಸೈಕಲ್ಲು ಬಿಸಿಲಿನಲ್ಲಿ ಮಿಂಚುತ್ತ ನಿಂತಿತ್ತು. ಆ ಮಾತು ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಹೀಗಿರುವಾಗ ಬ್ಯಾಡಗಿಯಿಂದ ಕರೆ ಬಂತು. ಅಲ್ಲಿಯ ಮೆಣಸಿನಕಾಯಿ ಪೇಟೆಯಲ್ಲಿ ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿ ಇಟ್ಟಿರುವ ಚನ್ನವೀರಪ್ಪನವರು ಹಿಂದೊಮ್ಮೆ ಶಿವಪ್ಪನ ಖಾನಾವಳಿಯಲ್ಲಿ ಉಂಡಿದ್ದರಂತೆ. ಅವರು ಹೊಸ ಗೋದಾಮು ಕಟ್ಟಿಸಿದ್ದರು. ಅದರ ಪೂಜೆಯ ದಿನ ಹಮಾಲರಿಗೂ, ಕಾಯಿ ಆರಿಸುವ ಹೆಣ್ಣುಮಕ್ಕಳಿಗೂ ಊಟ. ಪಲ್ಯ, ಸಾರು, ಅನ್ನ ಅವರೇ ಮಾಡಿಸುತ್ತಾರೆ. ಮುನ್ನೂರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಎರಡು ಕ್ಯಾನು ಗಟ್ಟಿ ಮೊಸರು ಗಿರಿಜಾಳಿಂದ. ಮನಸ್ಸಿಗೆ ಬಂದರೆ ಪೇಟೆ ನಡೆಯುವ ದಿನವೆಲ್ಲ ಬೇಡಿಕೆ ಇದ್ದೇ ಇರುತ್ತದೆ ಎಂದು ಹೇಳಿ ಕಳಿಸಿದ್ದರು.

"ಈ ಸಲಾ ಒಡದ್ರ ನಾ ರೊಟ್ಟಿ ಬಡ್ಯೂದ ಬಿಡ್ತೇನಿ" ಎಂದಳು ಗಿರಿಜಾ. ತಮಾಷೆಗೆ ಹೇಳಿದ್ದಲ್ಲ. ಪಾರ್ವತಕ್ಕನನ್ನು ಜೊತೆಗೆ ಕೂಡಿಸಿಕೊಂಡು ಎರಡು ದಿನ ಬಡಿದಳು. ಒಂದೊಂದನ್ನೂ ಮಗುವಿನ ಕೆನ್ನೆ ಮುಟ್ಟುವಂತೆ ಮುಟ್ಟಿ ಬುಟ್ಟಿಯಲ್ಲಿ ಜೋಡಿಸಿದಳು.

"ಬಸ್ಸಿನ್ಯಾಗ ಒಯ್ಯೂಣು. ಬುಟ್ಟಿ ನಾ ತೊಡಿ ಮ್ಯಾಲ ಇಟ್ಕೊಂಡ ಕುಂದರ್ತೇನಿ."

"ಆನಿಯಂಥಾ ಸೈಕಲ್ ಬಾಗಿಲದಾಗ ನಿಂತಾಗ ಬಸ್ ಯಾಕ? ಜನಾ ಏನಂದಾರು? ನೀ ಚಟ್ನಿ ತಗೊಂಡ ಬಸ್ಸಿಗೆ ಬಾ. ನಿನಕಿಂತ ಮೊದಲ ನಾ ಇರ್ತೇನಿ!"

ಅವಳು ವಾದ ಮಾಡಲಿಲ್ಲ. ಎರಡು ದಿನದಿಂದ ದಣಿದಿದ್ದಳು.

ಬೆಳಗ್ಗೆ ಎಂಟಕ್ಕೆ ಹೊರಟೆ. ಕ್ಯಾರಿಯರಿನ ಎರಡೂ ಬದಿಗೆ ಮೊಸರಿನ ಕ್ಯಾನು, ಮೇಲೆ ರೊಟ್ಟಿಯ ಬಿದಿರು ಬುಟ್ಟಿ, ಅದಕ್ಕೆ ಹಗ್ಗದ ಬಿಗಿ. ಹಿಂದಿನ ಭಾರಕ್ಕೆ ಮುಂದಿನ ಗಾಲಿ ಏರಿನಲ್ಲಿ ನೆಲ ಬಿಟ್ಟು ಏಳಲು ನೋಡುತ್ತಿತ್ತು. ನಾನು ಹ್ಯಾಂಡಲಿನ ಮೇಲೆ ಎದೆಯೂರಿ ಅದನ್ನು ಒಪ್ಪಿಸುತ್ತಿದ್ದೆ. ಹಾಗೂ ಹೀಗೂ ಊರು ದಾಟಿ ಹೆದ್ದಾರಿಗೆ ಬಂದರೆ, ಕೆಲಸ ನಡೆದಿದೆಯೆಂದು ಡಾಂಬರು ರಸ್ತೆ ಮುಚ್ಚಿ ಎಲ್ಲರನ್ನೂ ಪಕ್ಕದ ಮಣ್ಣಿನ ದಾರಿಗೆ ಇಳಿಸುತ್ತಿದ್ದರು. ಹಿಂದಿನ ದಿನ ಮಳೆ ಬಿದ್ದಿತ್ತು. ಎರೆಮಣ್ಣು!

ಎರೆಮಣ್ಣಿನ ಸ್ವಭಾವ ಬಲ್ಲವರು ಬಲ್ಲರು. ಒಂದು ಸಲ ಹಿಡಿದರೆ ನೆಂಟರಂತೆ, ಬಿಡುವುದಿಲ್ಲ. ಕೆಸರು ಸಿಡಿಯದಿರಲಿ ಎಂದು ನಾನು ಹುಡುಕಿ ತಂದ ಆ ಅಗಲವಾದ ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿಕೊಂಡಿತು. ಗಾಲಿ ನಿಧಾನವಾಯಿತು. ಇನ್ನೂ ನಿಧಾನವಾಯಿತು. ನಿಂತೇ ಹೋಯಿತು. ಸುತ್ತ ಕಟ್ಟೆಯಿಲ್ಲ, ಕಂಬವಿಲ್ಲ. ನಾನು ಮೇಲೇ ಕುಳಿತಿದ್ದೆ. ಸೈಕಲ್ಲು ಎಡಕ್ಕೆ ವಾಲತೊಡಗಿತು. "ಬ್ಯಾಡ, ಬ್ಯಾಡ" ಎಂದೆ. ಕೇಳಲಿಲ್ಲ. ಕಡಿದ ಮರದಂತೆ ಸಾವಕಾಶವಾಗಿ, ಗಾಂಭೀರ್ಯದಿಂದ, ಇಬ್ಬರೂ ಕೆಸರಿನಲ್ಲಿ ಮಲಗಿದೆವು. ಬುಟ್ಟಿಯೊಳಗೆ 'ಕರ್ರ್' ಎಂದಿತು. ನನ್ನ ಎದೆಯೂ ಹಾಗೇ ಎಂದಿತು.

ಆಗ ಟ್ರ್ಯಾಕ್ಟರ್ ಒಂದು ಬಂತು. ಮೇಲೆ ಕುಳಿತ ಮೋಟೆಬೆನ್ನೂರಿನ ರೈತ ಇಣುಕಿದ.

"ಯಾಕ್ರಿ ಯಜಮಾನ್ರ, ಇಲ್ಲೇ ಮಲಗೀರಿ?"

"ಬ್ಯಾಡಗಿಗೆ ಹೋಗಬೇಕಾಗೈತಪಾ. ಊಟದ ಹೊತ್ತಿಗೆ ಮುಟ್ಟಬೇಕು."

"ನಾನೂ ಅಲ್ಲಿಗೇ ಹೊಂಟೇನಿ. ಹತ್ರಿ, ಲಗೂ ಮುಟ್ಟಸ್ತೇನಿ!"

ಬಹಳ ಒಳ್ಳೆಯ ಮನುಷ್ಯ. ಭೀಮನಂತೆ ಒಬ್ಬನೇ ಸೈಕಲ್ಲನ್ನು ಎತ್ತಿ ಟ್ರೇಲರಿಗೆ ಹಾಕಿದ. ನನ್ನನ್ನೂ ಹಾಕಿದ. ಆಮೇಲೆ ಕೊಟ್ಟ ಮಾತು ಉಳಿಸಿಕೊಳ್ಳಲು ಗಾಡಿ ಬಿಟ್ಟ ನೋಡಿ! ಖಾಲಿ ಟ್ರೇಲರು ತಗ್ಗು ದಿನ್ನೆಯ ಮೇಲೆ ಕುಣಿಯುವಾಗ ಒಂದು ಗಳಿಗೆ ನಾನು ಆಕಾಶದಲ್ಲಿದ್ದರೆ ಬುಟ್ಟಿ ನೆಲದಲ್ಲಿ, ಬುಟ್ಟಿ ಆಕಾಶದಲ್ಲಿದ್ದರೆ ನಾನು ಮೊಸರಿನ ಕ್ಯಾನಿನ ಮೇಲೆ. "ಸಾವಕಾಶ! ಸಾವಕಾಶ!" ಎಂದು ಕೂಗಿದೆ. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಬೇರೇನೋ ಕೇಳಿಸಿರಬೇಕು. ಇನ್ನೂ ಜೋರು ಮಾಡಿದ.

ಬ್ಯಾಡಗಿ ಮುಟ್ಟಿದಾಗ ಗೋದಾಮಿನ ಮುಂದೆ ಚಪ್ಪರದಡಿ ಜನ ಸಾಲಾಗಿ ಕುಳಿತಿದ್ದರು. ಎಲೆ ಹಾಕಿ ಆಗಿತ್ತು. ಬಾಗಿಲಲ್ಲಿ ಗಿರಿಜಾ ದಾರಿ ನೋಡುತ್ತ ನಿಂತಿದ್ದಳು. ತಲೆಯಿಂದ ಕಾಲಿನವರೆಗೆ ಕೆಸರು ಮೆತ್ತಿಕೊಂಡ ನನ್ನನ್ನು ಕಂಡವಳೇ ಓಡಿ ಬಂದಳು. ರೊಟ್ಟಿಯ ಮಾತೇ ಎತ್ತಲಿಲ್ಲ.

"ಎಲ್ಲೆರ ಪೆಟ್ಟು ಹತ್ತೇತೇನ್ರಿ?"

"ಇಲ್ಲ. ನನಗೇನೂ ಆಗಿಲ್ಲ" ಎಂದೆ. ಸೈಕಲ್ಲಿಗೂ ಏನೂ ಆಗಿರಲಿಲ್ಲ.

ಬುಟ್ಟಿ ಬಿಚ್ಚಿದೆವು. ಮುನ್ನೂರು ರೊಟ್ಟಿಗಳಲ್ಲಿ ಒಂದೇ ಒಂದು ಇಡಿಯಾಗಿ ಉಳಿದಿರಲಿಲ್ಲ! ಅಂಗೈಯಗಲದ ಚೂರು, ಬೆರಳಗಲದ ಚೂರು, ಕೆಳಗೆ ಬರೀ ಪುಡಿ. ಮೊಸರಿನ ಕ್ಯಾನಿನ ಮುಚ್ಚಳ ತೆಗೆದರೆ ಮೊಸರೇ ಇಲ್ಲ. ಮಜ್ಜಿಗೆ. ಅದರ ಮೇಲೆ ಬೆಣ್ಣೆಯ ಮುದ್ದೆಗಳು ತೇಲುತ್ತಿದ್ದವು. ನಾಲ್ಕು ಜನ ಹೆಂಗಸರು ಬೆಳತನಕ ಕಡೆದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಚನ್ನವೀರಪ್ಪನವರು ಬಂದು ಬಗ್ಗಿ ನೋಡಿದರು. "ಇದೇನ್ರಿ ಅಕ್ಕಾರ? ರೊಟ್ಟಿ ಎಲ್ಲಿ?"

ಗಿರಿಜಾಳ ಕಣ್ಣು ತುಂಬಿದವು. ತನ್ನ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಸಾಹುಕಾರ್ರ, ತಪ್ಪ ಆಕಿದಲ್ಲ" ಎಂದೆ. ಶಾಲೆಯ ದನಿ ನನ್ನದು, ಸಾಲಿನ ಕೊನೆಯವರೆಗೂ ಕೇಳಿಸಿತು. "ಆಕಿ ರೊಟ್ಟಿ ಭಾಳ ಚಲೋ ಇದ್ವು. ದಿನಾನೂ ಚಲೋನ ಇದ್ವು. ಜೋಳದ್ದೂ ತಪ್ಪಲ್ಲ, ಕೈದೂ ತಪ್ಪಲ್ಲ. ಸೈಕಲ್ ಅಂಗಡ್ಯಾಗ ಏನ್ ಹೇರ್ತೀರಿ ಅಂತ ಕೇಳಿದ್ರು. ರೊಟ್ಟಿ ಅನ್ನಾಕ ನನಗ ನಾಚಿಕಿ ಬಂತು. ಒಂದ ಕ್ವಿಂಟಲ್ ಚೀಲ ಅಂತ ಹೇಳಿದೆ. ಅವರು ಅದಕ್ಕ ತಕ್ಕ ಸೈಕಲ್ ಕೊಟ್ಟಾರ."

ಆಮೇಲೆ ಸಾಲಿನ ನಡುವಿನಿಂದ ಫಕ್ಕೀರಪ್ಪನೆಂಬ ಎತ್ತರದ ಹಮಾಲನೊಬ್ಬ ಎದ್ದು ಬಂದು ಸೈಕಲ್ಲಿನ ಕ್ಯಾರಿಯರನ್ನು ತಟ್ಟಿ ನೋಡಿದ.

"ಅಯ್ಯ ಮಾಸ್ತರ! ಇದು ಭಾರ ಹೊರೂ ಗಾಡಿರಿ. ಮ್ಯಾಲ ಕ್ವಿಂಟಲ್ ಕುಂತ್ರ ಸುಮ್ಕ ಇರತೈತಿ. ಹಗೂರ ಸಾಮಾನ ಇಟ್ರ ಒಂದೊಂದ ಕಲ್ಲಿಗೂ ಎತ್ತೆತ್ತಿ ಒಗೀತೈತಿ. ಇದರ ಮ್ಯಾಲ ರೊಟ್ಟಿ ಇಡೂದಂದ್ರ ಏನ್ರಿ!"

ಇಡೀ ಚಪ್ಪರ ನಗೆಯಲ್ಲಿ ಮುಳುಗಿತು. ಹದಿನೆಂಟು ವರ್ಷ ಗಣಿತ ಹೇಳಿದವನಿಗೆ ಹೊಳೆಯದ ಲೆಕ್ಕವನ್ನು ಫಕ್ಕೀರಪ್ಪ ಕ್ಯಾರಿಯರ್ ತಟ್ಟಿ ಬಿಡಿಸಿದ್ದ. ಆದರೆ ನಾನು ನೋಡುತ್ತಿದ್ದದ್ದು ಗಿರಿಜಾಳನ್ನು. ಅವಳು ತನ್ನ ಕೈಗಳನ್ನು ಸೆರಗಿನಿಂದ ಹೊರಗೆ ತೆಗೆದು, ಒಮ್ಮೆ ನೋಡಿಕೊಂಡು, ನನ್ನ ಕಡೆ ತಿರುಗಿದಳು.

"ಅಂದ್ರ ನನ್ನ ಕೈ ಕೆಟ್ಟಿಲ್ಲ?"

"ಇಲ್ಲ."

"ಮನಿಗೆ ನಡೀರಿ, ನಿಮ್ಮ ಜೋಡಿ ಮಾತಾಡ್ತೇನಿ" ಎಂದು, ಚನ್ನವೀರಪ್ಪನವರ ಕಡೆ ನೋಡಿ, "ಸಾಹುಕಾರ್ರ, ಒಂದ ದೊಡ್ಡ ಪಾತೇಲಿ ಕೊಡ್ರಿ. ಉಳ್ಳಾಗಡ್ಡಿ ಎಷ್ಟ ಅದಾವು? ನಿಮ್ಮ ಕಾಯಿ ಒಂದ ಬೊಗಸಿ ಇರಲಿ. ಅರ್ಧಾ ತಾಸು ಕೊಡ್ರಿ ನನಗ" ಎಂದಳು.

ಕಾಯಿ ಆರಿಸುವ ಹೆಣ್ಣುಮಕ್ಕಳೇ ಎದ್ದು ಉಳ್ಳಾಗಡ್ಡಿ ಹೆಚ್ಚಿದರು. ಮಜ್ಜಿಗೆಯಲ್ಲಿ ತೇಲುತ್ತಿದ್ದ ಬೆಣ್ಣೆಯನ್ನು ತೆಗೆದು ಕಾಯಿಸಿ ಅದರಲ್ಲೇ ಒಗ್ಗರಣೆ. ಸಾಸಿವೆ ಸಿಡಿಯಿತು. ಕರಿಬೇವು, ಬೆಳ್ಳುಳ್ಳಿ, ಮುರಿದು ಹಾಕಿದ ಕೆಂಪು ಬ್ಯಾಡಗಿ ಕಾಯಿ. ರೊಟ್ಟಿಯ ಚೂರುಗಳಿಗೆ ಮಜ್ಜಿಗೆ ಚಿಮುಕಿಸಿ ಮೆತ್ತಗೆ ಮಾಡಿ, ಒಗ್ಗರಣೆಗೆ ಹಾಕಿ, ಮೇಲೆ ಶೇಂಗಾ ಚಟ್ನಿ ಉದುರಿಸಿ ಕೈಯಾಡಿಸಿದಳು. ಪರಿಮಳ ಗೋದಾಮಿನ ಆಚೆಗೂ ಹೋಯಿತು. ನನಗೂ ಏನಾದರೂ ಕೆಲಸ ಕೊಡು ಎಂದೆ. "ನೀವು ಏನೂ ಮುಟ್ಟಬ್ಯಾಡ್ರಿ" ಎಂದಳು. ಮುಟ್ಟಲಿಲ್ಲ.

ಮೊದಲ ಸಾಲು ತಿನ್ನತೊಡಗಿತು. ನಾನು ಒಂದೊಂದೇ ಎಲೆ ನೋಡುತ್ತ ನಿಂತೆ. ಆಮೇಲೆ ಫಕ್ಕೀರಪ್ಪ ತಲೆಯೆತ್ತಿ, "ಅಕ್ಕಾರ, ಇನ್ನೊಂದಿಷ್ಟ ಹಾಕ್ರಿ" ಎಂದ. ಅವನ ಬದಿಯವನೂ ಎಲೆ ಮುಂದೆ ಸರಿಸಿದ. ಎರಡನೆಯ ಸಾಲಿನ ಹೆಂಗಸರು, "ನಮಗೂ ಉಳಸ್ರೋ!" ಎಂದು ಗದ್ದಲ ಎಬ್ಬಿಸಿದರು. ಮುನ್ನೂರು ರೊಟ್ಟಿ ತಳ ಕಂಡವು. ಉಳಿದ ಮಜ್ಜಿಗೆಗೆ ಮಸಾಲೆ ಬೆರೆಸಿ ಕೊಟ್ಟಳು, ಎರಡೂ ಕ್ಯಾನು ಬರಿದಾದವು. ಚನ್ನವೀರಪ್ಪನವರು ಎರಡು ಸಲ ಹಾಕಿಸಿಕೊಂಡು ಕೈ ತೊಳೆಯುತ್ತ, "ಅಕ್ಕಾರ, ಪ್ಯಾಟಿ ದಿನಾ ಇದನ್ನ ಮಾಡ್ರಿ" ಎಂದರು.

"ಇದನ್ನೂ ಮಾಡ್ತೇನ್ರಿ. ರೊಟ್ಟಿನೂ ತರ್ತೇನಿ. ಇಡೀವು!" ಎಂದಳು ಗಿರಿಜಾ.

ನಾನು ಅಲ್ಲೇ ಮೆಣಸಿನಕಾಯಿ ಚೀಲವೊಂದರ ಮೇಲೆ ಕುಸಿದು ಕುಳಿತೆ. ಎಷ್ಟೋ ದಿನಗಳ ಮೇಲೆ ಕಾಲು ನೆಲಕ್ಕೆ ಮುಟ್ಟಿದಂತಾಯಿತು. ಆ ಸಮಾಧಾನ ಯಾವ ಪರೀಕ್ಷೆ ಪಾಸಾದಾಗಲೂ ನನಗೆ ಸಿಕ್ಕಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಅರ್ಧ ಸಮಾಧಾನಕ್ಕೆ, ಅರ್ಧ ಕೆಳಗಿನ ಚೀಲದ ಘಾಟಿಗೆ.

ಸೈಕಲ್ಲು ಬ್ಯಾಡಗಿಯಲ್ಲೇ ಉಳಿಯಿತು. ಫಕ್ಕೀರಪ್ಪ ಕಾಲನ್ನು ಆ ಕಡೆ ಹಾಕಿ, ಎರಡೂ ಪಾದ ನೆಲದ ಮೇಲಿಟ್ಟು ಕುಳಿತುಬಿಟ್ಟ! ಹಿಂದೆ ಎರಡು ಚೀಲ ಹೇರಿಸಿಕೊಂಡು ಪೇಟೆಯ ಅಂಗಳದಲ್ಲಿ ಒಂದು ಸುತ್ತು ಹೊಡೆದ. ಸೈಕಲ್ಲು ಚೂರೂ ಕುಣಿಯಲಿಲ್ಲ. ಅವನಿಗೇ ಮಾರಿದೆ, ವ್ಯವಹಾರ ಅಲ್ಲಿಯೇ ಮುಗಿಯಿತು. ನಾವಿಬ್ಬರೂ ಬಸ್ಸಿನಲ್ಲಿ ಮರಳಿದೆವು. ದಾರಿಯುದ್ದಕ್ಕೂ ಗಿರಿಜಾ ನನ್ನ ಜೊತೆ ಮಾತಾಡಿದಳು. ಆ ಮಾತುಗಳನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಮರುದಿನ ಅವಳೇ ಹಾವೇರಿಯ ಸೈಕಲ್ ಅಂಗಡಿಗೆ ಹೊರಟಳು. ನಾನು ಹಿಂದೆ ಹೋದೆ. ನೋಟ್‌ಬುಕ್ ಇರಲಿಲ್ಲ.

"ರೊಟ್ಟಿ ಒಯ್ಯಾಕ ಸೈಕಲ್ ಬೇಕ್ರಿ. ವರ್ಷಪೂರ್ತಿ ಓಡಬೇಕು. ಕುಂತ್ರ ಕಾಲು ನೆಲಕ್ಕ ಮುಟ್ಟಬೇಕು. ಗಾಲಿಗೆ ಮಣ್ಣು ಹಿಡದ್ರ ಬೆರಳು ಹಾಕಿ ತಗಿಯಾಕ ಬರಬೇಕು. ಹಗೂರ ಇರಲಿ."

ಅಂಗಡಿಯವನು ನಡುವೆ ಬಾರಿಲ್ಲದ ತಗ್ಗಿನ ಸೈಕಲ್ಲೊಂದನ್ನು ಮುಂದೆ ಮಾಡಿದ. ಅವಳು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಒಂಚೂರು ಗಾಳಿ ಕಮ್ಮಿ ಮಾಡ್ರಿ" ಎಂದಳು. ಮುಂದೆ ಅಗಲವಾದ ಬುಟ್ಟಿ ಕಟ್ಟಿಸಿದಳು. ಮನೆಯಿಂದ ತಂದ ಹಳೆಯ ಕೌದಿಯನ್ನು ಮಡಿಸಿ ಅದರೊಳಗೆ ಹಾಸಿದಳು. ಎಲ್ಲ ಸೇರಿ ಹತ್ತು ನಿಮಿಷ. ಸಮಿತಿಯ ಮಾಜಿ ಅಧ್ಯಕ್ಷ ಬಾಯಿ ತೆರೆದು ನೋಡುತ್ತಿದ್ದ. ಬಾಯಿ ಮುಚ್ಚುವುದರೊಳಗೆ ಅವಳು ಸೆರಗು ಸಿಕ್ಕಿಸಿ, ಹತ್ತಿ, ಹೋಗಿಯೇ ಬಿಟ್ಟಳು!

ಓಡಿ ಹೋಗಿ ಮೂಲೆಯಲ್ಲಿ ಹಿಡಿದೆ. "ನಿನಗ ಸೈಕಲ್ ಹೊಡ್ಯಾಕ ಬರತೈತಿ?"

"ತವರಮನ್ಯಾಗ, ಕಾಗಿನೆಲ್ಯಾಗ ಇದ್ದಾಗ ಅಣ್ಣನ ಸೈಕಲ್ ಮ್ಯಾಲ ಗಿರಣಿಗೆ ಜೋಳದ ಚೀಲ ನಾನ ಒಯ್ತಿದ್ದೆ."

"ಹದಿನಾರ ವರ್ಷ ಆತು ಮದುವಿ ಆಗಿ. ಒಮ್ಮಿನೂ ಹೇಳಿಲ್ಲಲ್ಲ?"

"ನೀವು ಒಮ್ಮೆರ ಕೇಳೀರೇನು?"

ಕೇಳಿರಲಿಲ್ಲ.

ಅದರ ಮರುದಿನ ನಾನು ಮೊದಲಿನಂತೆ ಶಾಲೆಗೆ ನಡೆದು ಹೊರಟಿದ್ದೆ. ರಾತ್ರಿ ಮಳೆಯಾಗಿ ರಸ್ತೆ ತುಂಬ ನೀರು. ಸುತ್ತಮುತ್ತ ಶಾಲೆಯ ಮಕ್ಕಳು. ಹಿಂದಿನಿಂದ ಗಂಟೆಯ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಗಿರಿಜಾ. ಬುಟ್ಟಿಯಲ್ಲಿ ಬಿಳಿ ಬಟ್ಟೆ ಹೊದೆಸಿದ ರೊಟ್ಟಿ. ಮುಖದಲ್ಲಿ ನಾನು ನೋಡಿರದ ಗತ್ತು.

"ಬಾಜೂ ಸರೀರಿ ಮಾಸ್ತರ! ಖಾನಾವಳಿಗೆ ಹೊತ್ತಾಗೈತಿ!"

ಮಕ್ಕಳು ಹೋ ಎಂದು ಕೂಗಿದರು. ನಾನು ಹೆಮ್ಮೆಯಿಂದ ಎದೆಯುಬ್ಬಿಸಿ, ಎಲ್ಲರಿಗೂ ಕೇಳುವಂತೆ, "ನಮ್ಮ ಮನಿಯಾಕಿ! ರೊಟ್ಟಿ ಒಯ್ಯಾಕತ್ತಾಳ!" ಎಂದು ಕೂಗುತ್ತ ಬದಿಗೆ ಸರಿದೆ. ಬದಿಗೆ ಚರಂಡಿ ಇತ್ತು.

ಆ ದಿನ ನೂರಕ್ಕೆ ನೂರು ರೊಟ್ಟಿ ಇಡಿಯಾಗಿ ಖಾನಾವಳಿ ಮುಟ್ಟಿದವು. ನಾನು ಒಂದೇ ಚಪ್ಪಲಿಯಲ್ಲಿ ಶಾಲೆ ಮುಟ್ಟಿದೆ.